ಹಾಲು ಆರುವ ತನಕ

ನಮ್ಮೂರ ವಾಚನಾಲಯದ ಅಂಗಳದಲ್ಲಿದ್ದ ಹಾಲಸಂಪಿಗೆಯನ್ನು ಕಡಿದದ್ದು ತಪ್ಪು. ಎಲೆ ಉದುರಿದ್ದನ್ನು ಕಂಡು ಗಿಡ ಸತ್ತಿದೆ ಎಂದರಂತೆ ಕಡಿಸಿದವರು. ಅದು ಮೊದಲು ಹೂ, ಆಮೇಲೆ ಎಲೆ ಬಿಡುವ ಗಿಡ. ಯಾರನ್ನೂ ಕೇಳದೆ ತೀರ್ಪು ಕೊಡುವವರಿಗೆ ಅದು ತಿಳಿಯುವುದಾದರೂ ಹೇಗೆ?

ಮುಂಜಾನೆ ಕಡಿದು ಬಿದ್ದ ಟೊಂಗೆಗಳನ್ನು ಆಯುವಾಗ ಕೈಗೆ ಹಾಲು ಅಂಟಿತು. ಮೊಗ್ಗಿನ ವಾಸನೆಗೆ ಪಕ್ಕದ ಮನೆಯ ಮಾಬುಬಿ ಅಜ್ಜಿಯ ಹಿತ್ತಿಲು ನೆನಪಾಯಿತು. ಈ ಗಿಡ ನೆಟ್ಟವಳೂ ಅವಳೇ. ನಾನು ಚಿಕ್ಕವಳಿದ್ದಾಗ ಅವಳು ನೆಡುವ ಟೊಂಗೆ ಕೊಯ್ದು ತಂದು ನೆರಳಿನ ಗೋಡೆಗೆ ಒರಗಿಸಿ ಸುಮ್ಮನೆ ಬಿಟ್ಟುಬಿಡುತ್ತಿದ್ದಳು. ನನಗೆ ತಡೆಯಲಾಗುತ್ತಿರಲಿಲ್ಲ. ಒಮ್ಮೆ ಅವಳು ಸಂತೆಗೆ ಹೋದಾಗ ಒಂದು ಹಸಿ ಟೊಂಗೆಯನ್ನು ಕದ್ದು ನೆಟ್ಟೆ, ದಿನಾ ಕೊಡಗಟ್ಟಲೆ ನೀರು ಸುರಿದೆ. ಕೆಲವು ದಿನಗಳ ಮೇಲೆ ಅಜ್ಜಿ ಅದನ್ನು ಕಿತ್ತು ನನ್ನ ಮೂಗಿಗೆ ಹಿಡಿದಳು. ಬುಡ ಕೊಳೆತು ನಾರುತ್ತಿತ್ತು.

“ಅನ್ನಕ್ಕ ಇಡೂಕಿಂತ ಮೊದ್ಲ ತಾಟು ಹಿಡಕೊಂಡು ಕುಂದ್ರಾಕಿ ನೀ. ಗಾಯ ಆರೈತೇನಂತ ನೋಡಬಾರದೇನು ಬೇಟಿ?”

“ಎಷ್ಟು ದಿನ ಕಾಯಬೇಕು ಅಜ್ಜಿ?”

“ಹಾಲು ಬತ್ತಿ ತುದಿ ಒಣಗೂಮಟ. ಹತ್ತು ದಿನ.”

ಈಗಲೂ ನನ್ನ ಕೈ ಸುಮ್ಮನಿರುತ್ತಿಲ್ಲ. ಇವತ್ತೇ ಅದೇ ಜಾಗದಲ್ಲಿ ನೆಟ್ಟು, ಕಡಿಸಿದವರ ಎದುರು ನಿಂತು ಕೂಗಬೇಕೆನಿಸುತ್ತದೆ. ಆದರೆ ಅಜ್ಜಿ ಈಗಿಲ್ಲ. ಅವಳ ಗಿಡದಲ್ಲಿ ಉಳಿದಿರುವುದು ಈ ಏಳು ಟೊಂಗೆ ಮಾತ್ರ. ನಮ್ಮ ಗೋಡೆಗೆ ಒರಗಿಸಿದ್ದೇನೆ, ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತಿದ್ದೇನೆ.

ಇವತ್ತು ಗುರುವಾರ. ಈ ರವಿವಾರ ಬಿಟ್ಟು ಮುಂದಿನ ರವಿವಾರ, ಮುಂಜಾನೆ ಏಳಕ್ಕೆ ವಾಚನಾಲಯದ ಗೇಟಿನ ಹತ್ತಿರ ಬರ್ರಿ. ಕಡಿಸಿದವರೂ ಬರ್ರಿ. ನೀರು ಮಾತ್ರ ತರಬ್ಯಾಡ್ರಿ.