ಬೆಡ್‌ಶೀಟಿನ ಹಿಂದೆ ಹಾವಿನ ಊಟ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಕುಪ್ರಾಣಿಗಳ ಆರೈಕೆ ಮನೆಯ ಹಿಂದಿನ ಕೋಣೆಯಲ್ಲಿ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಕೆಲಸದಾಕೆ ಫ್ರೀಜರಿನಿಂದ ತೆಗೆದ ಸತ್ತ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡುತ್ತಿದ್ದಾರೆ. ಇಕ್ಕಳದಲ್ಲಿ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟವರೇ ಮೇಲೊಂದು ಹಳೆಯ ಬೆಡ್‌ಶೀಟ್ ಹೊದಿಸಿ, ಪತ್ರಿಕೆಗೆ ಬರೆಯಲು ಬಂದಿರುವ ನನ್ನನ್ನೂ ಆಚೆ ಕಳಿಸಿ, ತಾವೂ ಹೊರಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಊಟ ಹಾಕುವುದಕ್ಕೆ ಇಷ್ಟು ಗುಟ್ಟೇಕೆ? ನನಗೆ ಅನುಮಾನ ಹತ್ತುವುದೇ ಅಲ್ಲಿ.

ಒಳಗಿರುವುದು ಬಾಲ್ ಪೈಥಾನ್, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಗಿಡ್ಡ ಹೆಬ್ಬಾವು. ಸಾಕಿದವನು ಒಬ್ಬ ದರ್ಜಿ. ತಂಗಿಯ ಆಪರೇಷನ್ನಿಗೆಂದು ಊರಿಗೆ ಹೋಗುವಾಗ ಇಲ್ಲಿ ಬಿಟ್ಟಿದ್ದವನು ನಿನ್ನೆ ಬಂದು ರಂಪ ಮಾಡಿದ್ದಾನೆ. ಹಾವು ಸೊರಗಿದೆ, ಅದಕ್ಕೆಂದು ಕೊಟ್ಟುಹೋಗಿದ್ದ ಇಲಿಗಳನ್ನು ಈಕೆ ಮಾರಿಕೊಂಡಿದ್ದಾಳೆ, ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂಬುದು ಅವನ ದೂರು. ಹಾವು ತಿಂದದ್ದು ಇವತ್ತು ಖಚಿತವಾಗದಿದ್ದರೆ ದೊಡ್ಡಮ್ಮನನ್ನು ಕೆಲಸದಿಂದ ತೆಗೆಯುವುದಾಗಿ ಯಜಮಾನರು ಹೇಳಿಬಿಟ್ಟಿದ್ದಾರೆ.

ಗಂಡ ತೀರಿಕೊಂಡ ಮೇಲೆ ಇಲ್ಲಿ ನೆಲ ಒರೆಸಲು ಬಂದವರು ದೊಡ್ಡಮ್ಮ. ನಾಯಿ, ಬೆಕ್ಕು ನೋಡಿಕೊಳ್ಳಲು ಜನ ನಾ ಮುಂದು ತಾ ಮುಂದು ಅಂದರು. ಹಾವಿನ ಕೋಣೆಗೆ ಯಾರೂ ಕಾಲಿಡಲಿಲ್ಲ, ಅದು ಇವರ ಪಾಲಿಗೆ ಬಂತು. ಎಷ್ಟು ಸೋಪು ಹಾಕಿ ತೊಳೆದರೂ ಸೊಸೆ ಈ ಕೈಗೆ ಮೊಮ್ಮಗುವನ್ನು ಕೊಡುವುದಿಲ್ಲವಂತೆ.

ಎಷ್ಟು ದಿನಕ್ಕೊಮ್ಮೆ ಊಟ ಎಂದು ಕೇಳಿದರೆ ದೊಡ್ಡಮ್ಮ ಲೆಕ್ಕ ಒಪ್ಪಿಸುತ್ತಾರೆ. "ಮರಿ ಆದ್ರೆ ವಾರಕ್ಕೊಂದ್ಸಲ ಕೊಡ್ಬೇಕು. ಬೆಳೆದಿದ್ದಕ್ಕೆ ಎರಡು ವಾರಕ್ಕೋ ಮೂರು ವಾರಕ್ಕೋ ಒಂದು ಇಲಿ ಸಾಕು. ನಮ್ಮ ಹಾಗೆ ಮೂರು ಹೊತ್ತೂ ಮೇಯೋ ಜಾತಿ ಅಲ್ಲ ಅದು."

ಬೆಡ್‌ಶೀಟ್ ಯಾಕೆಂದರೆ, ಯಾರಾದರೂ ನೋಡುತ್ತಿದ್ದರೆ ಈ ಹಾವು ಇಲಿಯನ್ನು ಮುಟ್ಟುವುದಿಲ್ಲವಂತೆ. ಬಹಳ ಅನುಕೂಲದ ಉತ್ತರ. ಹಾವೇನೂ ಬಂದು ಸಾಕ್ಷಿ ಹೇಳುವುದಿಲ್ಲವಲ್ಲ. ಇಲಿ ಎಷ್ಟು ಉಳಿದಿವೆ ಎಂದು ಫ್ರೀಜರ್ ನೋಡಲೇ ಎಂದರೆ ಧಾರಾಳವಾಗಿ ನೋಡಿ ಅನ್ನುತ್ತಾರೆ. ಅಷ್ಟು ಸಲೀಸಾಗಿ ಒಪ್ಪಿದ್ದೂ ನನಗೆ ಸಂಶಯವೇ.

ಅಷ್ಟರಲ್ಲಿ ದರ್ಜಿ, ಯಜಮಾನರು ಇಬ್ಬರೂ ಬರುತ್ತಾರೆ. ಬೆಡ್‌ಶೀಟ್ ಸರಿಸಿದರೆ ಇಲಿ ಇಲ್ಲ. ಹಾವಿನ ನಡುವೆ ಒಂದು ಉಬ್ಬು ಕಾಣುತ್ತದೆ. ದರ್ಜಿಗೆ ಅದು ಸಾಲದು. ಬಟ್ಟೆಯನ್ನೂ ಬೆರಳಲ್ಲಿ ಹಿಸುಕಿ ನೋಡದೆ ನಂಬದ ಮನುಷ್ಯ, ಹಾವನ್ನು ಮುಟ್ಟಿಯೇ ನೋಡಬೇಕು ಎನ್ನುತ್ತಾನೆ. ದೊಡ್ಡಮ್ಮ ಅಡ್ಡ ನಿಲ್ಲುತ್ತಾರೆ.

"ತಿಂದ ಮೇಲೆ ಎರಡು ದಿನ ಕೈ ಹಚ್ಬಾರದು ಕಣಪ್ಪ. ಕಕ್ಕಿಬಿಡುತ್ತೆ."

ಸಿಕ್ಕಿಬಿದ್ದರು ಎಂದುಕೊಳ್ಳುತ್ತೇನೆ ನಾನು. ಯಜಮಾನರಿಗೂ ಹಾಗೇ ಅನ್ನಿಸಿರಬೇಕು, ಮುಟ್ಟಿ ನೋಡು ಎಂದು ದರ್ಜಿಗೆ ಒಪ್ಪಿಗೆ ಕೊಡುತ್ತಾರೆ. ದರ್ಜಿ ಹಾವನ್ನು ಎತ್ತಿ ಉಬ್ಬನ್ನು ಒತ್ತುತ್ತಾನೆ. ಅದು ಮೈ ತಿರುಚಿಕೊಳ್ಳುತ್ತದೆ, ಬಾಯಿ ಅಗಲಿಸುತ್ತದೆ. ನೋಡನೋಡುತ್ತಿದ್ದಂತೆ ಇಡೀ ಇಲಿ, ಒದ್ದೆಯಾಗಿ, ನೆಲಕ್ಕೆ ಬೀಳುತ್ತದೆ.

ನನಗೆ ತಲೆ ಎತ್ತಲಾಗುತ್ತಿಲ್ಲ. ದರ್ಜಿ ತಪ್ಪಾಯಿತು ದೊಡ್ಡಮ್ಮ, ಈಗ ನಂಬಿದೆ ಎನ್ನುತ್ತಾನೆ. ಕೆಲಸ ಎಲ್ಲೂ ಹೋಗುವುದಿಲ್ಲವೆಂದು ಯಜಮಾನರು ಅಭಯ ಕೊಡುತ್ತಾರೆ. ಅವರಿಬ್ಬರನ್ನೂ ನೋಡದೆ ದೊಡ್ಡಮ್ಮ ಹಾವನ್ನು ಇಸಿದುಕೊಂಡು ನಿಧಾನವಾಗಿ ಪೆಟ್ಟಿಗೆಗೆ ಇಳಿಸುತ್ತಾರೆ.

"ಇನ್ನೆರಡು ವಾರ ಇದಕ್ಕೆ ಏನೂ ಕೊಡೋ ಹಾಗಿಲ್ಲ. ನನ್ನನ್ನ ನಂಬೋದಕ್ಕೆ ಇದರ ಹೊಟ್ಟೇಲಿದ್ದ ತುತ್ತು ಕಿತ್ಕೊಂಡ್ರಲ್ಲಪ್ಪ."