ರಂಗೋಲಿ ತುಳಿಯದೆ ಓಡುವುದು

ಓಡೋರನ್ನ ಕಂಡರೆ ನನಗೇ ಸುಸ್ತಾಗುತ್ತದೆ. ಹಿಂದೆ ನಾಯಿ ಇಲ್ಲ, ಮುಂದೆ ರೈಲಿಲ್ಲ, ಮತ್ಯಾಕೆ ಓಡಬೇಕು? ಮದುವೆಯಾಗಿ ಈ ತಮಿಳರ ಊರಿಗೆ, ವೆಸ್ಟ್ ಮಾಂಬಲಂಗೆ ಬಂದಾಗಿನಿಂದ ನಾನು ಓಡಿದ್ದೆಲ್ಲ ನೀರಿನ ಲಾರಿ ಹಿಂದೆ, ಕೊಡ ಹಿಡಿದುಕೊಂಡು. ಅದಕ್ಕೆ ಯಾರೂ ಬೂಟು ಕೊಡಿಸಲಿಲ್ಲ.

ಬೂಟು ಬಂದದ್ದು ನನ್ನ ಸೊಸೆ ಸುಧಾಗೆ. ಬ್ಯಾಂಕಿನಲ್ಲಿ ಕೂತೂ ಕೂತೂ ಅವಳಿಗೆ ಸಕ್ಕರೆ ಏರಿದೆ. ಸಂಕ್ರಾಂತಿವರೆಗೆ ನೋಡೋಣ, ಅಷ್ಟರಲ್ಲಿ ಮೈ ಬಗ್ಗಿಸಿ ಇಳಿಸಿಕೊಳ್ಳದಿದ್ದರೆ ದಿನಾ ಸೂಜಿ ಚುಚ್ಚಿಕೋಬೇಕು ಅಂದರಂತೆ ಡಾಕ್ಟರು. ಅವಳಿಗೆ ಸೂಜಿಯ ಭಯ. ನನಗೆ ಒಲೆಯ ಭಯ. ಅವಳು ಮಲಗಿದರೆ ಅಡುಗೆಮನೆ ಮತ್ತೆ ನನ್ನ ತಲೆಗೆ. ಈ ವಯಸ್ಸಿಗೆ ಪ್ರೀತಿಗಿಂತ ಒಲೆ ದೊಡ್ಡದು. ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ.

ಮೊದಲ ದಿನವೇ ಸ್ಟೇಷನ್ನಿನವರೆಗೆ ಒಂದೇ ಉಸಿರಿಗೆ ಓಡಿದಳು. ವಾಪಸು ಬಂದದ್ದು ಆಟೋದಲ್ಲಿ, ಮಂಡಿ ಬೂದುಗುಂಬಳದಂತೆ ಊದಿಸಿಕೊಂಡು. ಅವಳು ಮಲಗಿದಳು, ನಾನು ಹುಳಿ ಕುದಿಸಿದೆ. ಎದ್ದವಳೇ ಮತ್ತೆ ಅಷ್ಟೇ ಓಡಿದಳು. ಮತ್ತೆ ಅವಳು ಮಂಚಕ್ಕೆ, ನಾನು ಒಲೆಗೆ.

ಚನ್ನಪಟ್ಟಣದ ಕಡೆ ನಮ್ಮಪ್ಪ ಹೋರಿ ಪಳಗಿಸೋನು. ಮೊದಲು ಬರೀ ನೊಗ ಹೆಗಲ ಮೇಲಿಟ್ಟು ಬೀದಿ ಸುತ್ತಿಸೋನು. ಅದು ಒಗ್ಗಿದ ಮೇಲೆ ಒಂದು ಮರದ ದಿಮ್ಮಿ ಎಳೆಸೋನು. ಗಾಡಿ ಕಟ್ಟೋದು ಎಷ್ಟೋ ದಿನ ಕಳೆದ ಮೇಲೆ. ಮೊದಲ ದಿನವೇ ಗಾಡಿ ಕಟ್ಟಿದರೆ ಹೆಗಲು ಬಾತುಕೊಂಡು, ಆಮೇಲೆ ನೊಗ ಕಂಡರೇ ಮಲಗಿಬಿಡುತ್ತೆ. ಇದನ್ನೆಲ್ಲ ಸುಧಾಗೆ ಹೇಳಿದೆ.

"ನಾನೇನು ಹೋರೀನಾ ಅತ್ತೆ?" ಅಂದಳು.

"ಹೋರಿಗೆ ಹೇಳಿದರೆ ಕೇಳುತ್ತೆ" ಅಂದೆ.

ನನ್ನಿಂದ ಆಗದ್ದನ್ನ ಧನುರ್ಮಾಸ ಮಾಡಿತು. ಈ ತಿಂಗಳು ನಮ್ಮ ಬೀದಿಯ ಮಾಮಿಯರು ಬೆಳಕು ಹರಿಯೋ ಮುಂಚೆ ರಸ್ತೆಯನ್ನೇ ರಂಗೋಲಿ ಮಾಡಿಬಿಡುತ್ತಾರೆ, ಈ ಗೋಡೆಯಿಂದ ಆ ಗೋಡೆಗೆ. ಬ್ಯಾಂಕಿನಲ್ಲಿ ಎಷ್ಟು ಇಂಗ್ಲಿಷ್ ಆಡಿದರೂ ಸುಧಾದು ರಂಗೋಲಿ ತುಳಿಯೋ ಕಾಲಲ್ಲ. ಪ್ರತಿ ಬಾಗಿಲಿಗೂ ಓಟ ನಿಲ್ಲಿಸಿ, ನಿಂತ ಸ್ಕೂಟರುಗಳ ಸಂದಿಯಲ್ಲಿ ಮೆಲ್ಲಗೆ ನುಸುಳಿ ದಾಟಬೇಕು. ಆಮೇಲೆ ಸ್ವಲ್ಪ ಓಟ, ಅಷ್ಟರಲ್ಲಿ ಇನ್ನೊಂದು ಬಾಗಿಲು. ಎದುರು ಮನೆ ಮಾಮಿಯಂತೂ ಹಿಟ್ಟಿನ ಡಬ್ಬಿ ಹಿಡಿದು ಕಾವಲು ನಿಂತು, "ಪಾತ್ತು ಪೋಮ್ಮಾ" ಅನ್ನೋಳು, ನೋಡಿಕೊಂಡು ಹೋಗಮ್ಮಾ ಅಂತ.

ಇದೂ ಒಂದು ಓಟವಾ ಅಂತ ಗೊಣಗುತ್ತಾ ಮನೆಗೆ ಬಂದಳು. ಆದರೆ ಮಲಗಲಿಲ್ಲ. ಉಪ್ಪಿಟ್ಟು ಅವಳೇ ಕೆದಕಿದಳು. ನಾನು ಕೂತು ಕಾಫಿ ಕುಡಿದೆ.

ಮಾಮಿಯರಿಗೂ ಸೊಂಟ ಅಂತ ಒಂದಿದೆಯಲ್ಲ. ತಿಂಗಳು ಸರಿದ ಹಾಗೆ ರಂಗೋಲಿ ಕುಗ್ಗಿತು, ಕೆಲವರು ಸ್ಟಿಕ್ಕರ್ ಅಂಟಿಸಿ ಕೈತೊಳೆದುಕೊಂಡರು. ರಸ್ತೆ ತೆರವಾದಷ್ಟೂ ಸುಧಾಳ ಓಟ ತಾನಾಗೇ ಉದ್ದವಾಯಿತು. ಮಂಡಿ ಸುಮ್ಮನಿತ್ತು. ಆದರೆ ಆಸೆ ಸುಮ್ಮನಿರಬೇಕಲ್ಲ. ಹಬ್ಬ ಹತ್ತಿರ ಬಂದಾಗ ಖಾಲಿ ರಸ್ತೆ ಕಂಡು, ಗೇಟು ದಾಟಿದವಳೇ ಬಾಣದ ಹಾಗೆ ಹೊರಟಳು. ಸಂಜೆ ಮೆಟ್ಟಿಲಲ್ಲಿ ಮಂಡಿ ಒತ್ತಿಕೊಂಡಿದ್ದನ್ನ ನಾನು ನೋಡಿದೆ.

ಮಾರನೆಯ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು, ಗೇಟಿನೆದುರು ರಸ್ತೆಯ ಅಗಲಕ್ಕೂ ಚುಕ್ಕಿ ಇಟ್ಟೆ. ಎಷ್ಟೋ ವರ್ಷದಿಂದ ಬಗ್ಗದ ಸೊಂಟ. ಸುಧಾ ಬೂಟು ಹಾಕಿಕೊಂಡು ಬಂದು ನಿಂತಳು.

"ಅತ್ತೆ, ಇದು ನನಗೆ ಅಡ್ಡ ಹಾಕೋದಕ್ಕೇನಾ?"

"ಹಬ್ಬಕ್ಕೆ" ಅಂದೆ.

ಅವಳು ಗೋಡೆ ಸವರಿಕೊಂಡು ನಿಧಾನವಾಗಿ ನಡೆದು ಹೋದಳು. ಹಬ್ಬದವರೆಗೂ ದಿನಾ ನಾನು ಬಗ್ಗಿದೆ, ದಿನಾ ಅವಳು ನಡೆದೇ ಶುರುಮಾಡಿದಳು.

ಸಂಕ್ರಾಂತಿ ಕಳೆದ ಮೇಲೆ ರಕ್ತ ನೋಡಿದ ಡಾಕ್ಟರು ಸೂಜಿ ಸದ್ಯಕ್ಕೆ ಬೇಡ ಅಂದರು. ಸೊಂಟ ಹಿಡಿದುಕೊಂಡು ಮಂಚ ಸೇರಿದವಳು ನಾನು. ಸುಧಾ ತಟ್ಟೆಗೆ ಅನ್ನ ಹಾಕಿ ತಂದು, ಪಕ್ಕದಲ್ಲಿ ಕೂತಳು.

"ಎದ್ದ ಮೇಲೆ ನಾಲ್ಕೇ ಚುಕ್ಕಿ ಇಡಿ ಅತ್ತೆ. ಮೊದಲ ದಿನವೇ ಗಾಡಿ ಕಟ್ಟಬಾರದಂತೆ."

ಈಗ ನಾಲ್ಕೇ ಚುಕ್ಕಿ ಇಡುತ್ತೇನೆ. ಎದುರು ಮನೆ ಮಾಮಿ ನೋಡಿ ನಗುತ್ತಾಳೆ. ನಗಲಿ, ಒಲೆ ಮುಂದೆ ಸುಧಾ ಇದ್ದಾಳೆ.