ಭಾವನ ಅರವತ್ತು ಹೌದು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತೊಂದು ವರ್ಷದಿಂದ ಜೈಲಿನ ಕಾವಲುಗಾರ. ಕೋಣೆಯ ಬೀಗ ತೆಗೆಯುವ ಮುಂಚೆ ಬಾಗಿಲು ತಟ್ಟುವ ಮನುಷ್ಯ. ಯಾರ ಕತೆ ಕೇಳಿದರೂ ‘ಪಾಪ’ ಅನ್ನುತ್ತಾರೆಂದು ಕೈದಿಗಳು ಅವರಿಗೆ ಪಾಪಣ್ಣ ಎಂದೇ ಹೆಸರಿಟ್ಟಿದ್ದರು.

ಈ ವರ್ಷ ಗೇಟಿನ ಹೆಡ್ ವಾರ್ಡರ್ ಹುದ್ದೆ ಖಾಲಿಯಾಯಿತು. ಸಿಕ್ಕರೆ ಮಂಡಿನೋವಿಗೆ ಕುರ್ಚಿ. ಇಲ್ಲದಿದ್ದರೆ ನಿವೃತ್ತಿಯವರೆಗೂ ಕಾವಲು ಗೋಪುರದ ತೊಂಬತ್ತು ಮೆಟ್ಟಿಲು. ಆದರೆ ಈ ಸಲ ಮೊದಲು ಸ್ವಭಾವ ಪರೀಕ್ಷೆಯಂತೆ. ಮುಂದೆ ಯಾರು ಲಂಚ ತಿನ್ನಬಹುದು, ಯಾರು ಕೈ ಎತ್ತಬಹುದು ಎಂದು ಅರವತ್ತು ಪ್ರಶ್ನೆಗಳಿಂದ ಈಗಲೇ ಕಂಡುಹಿಡಿಯುವ ಏರ್ಪಾಟು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಕನ್ನಡಕ್ಕೆ ಮಾಡುವವರು ಬೇಕಾಗಿತ್ತು. ನಮ್ಮ ಭಾವಮೈದ ಕತೆಗಿತೆ ಬರೆಯುತ್ತಾನೆ ಎಂದು ಭಾವ ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳಿದರು.

ಮೂಲದಲ್ಲಿ ‘ಹೊಡೆಯುತ್ತೀರಾ?’ ‘ಲಂಚ ತೆಗೆದುಕೊಳ್ಳುತ್ತೀರಾ?’ ಎಂದು ಒರಟಾಗಿ ಕೇಳಿತ್ತು. ವಯಸ್ಸಾದವರನ್ನು ಹಾಗೆಲ್ಲ ಕೇಳುವುದುಂಟೇ? ನಾನು ಒಂದಿಷ್ಟು ಮರ್ಯಾದೆ ಬೆರೆಸಿ, ‘ನೀವು ಯಾರ ಮೇಲೂ ಕೈ ಮಾಡುವುದಿಲ್ಲ, ಅಲ್ಲವೇ?’ ಎಂಬ ಧಾಟಿಯಲ್ಲಿ ಅರವತ್ತನ್ನೂ ಬರೆದು, ನನ್ನ ಶೈಲಿಗೆ ನಾನೇ ತಲೆದೂಗಿದೆ.

ಪರೀಕ್ಷೆಗೆ ಕೂತ ಉಳಿದ ಮೂವತ್ತೊಂಬತ್ತು ಮಂದಿ ಕಾವಲುಗಾರರು ಸರ್ಕಾರ ಏನು ಕೇಳಿದರೂ ‘ಇಲ್ಲ’ ಅಂದು ರೂಢಿಯಾದವರು. ಓದದೆಯೇ ಅರವತ್ತು ಸಲ ‘ಇಲ್ಲ’ಕ್ಕೆ ಗುರುತು ಹಾಕಿ ಚಹಾಕ್ಕೆ ಎದ್ದರು. ಭಾವ ಮಾತ್ರ ಕನ್ನಡಕ ಒರೆಸಿಕೊಂಡು, ಒಂದೊಂದನ್ನೂ ಓದಿ, ಅರವತ್ತಕ್ಕೂ ‘ಹೌದು’ ಅಂದರು.

ಫಲಿತಾಂಶ ಬಂತು. ಲಂಚ, ಹೊಡೆತ, ಕುಡಿತ, ಕೈದಿಯನ್ನು ಓಡಿಹೋಗಲು ಬಿಡುವ ಸಂಭವ, ಎಲ್ಲದರಲ್ಲೂ ಭಾವನಿಗೆ ನೂರಕ್ಕೆ ನೂರು. ಈ ಮನುಷ್ಯನಿಗೆ ಇಷ್ಟು ಧೈರ್ಯವಿದ್ದಿದ್ದರೆ ಮನೆಯಲ್ಲಿ ಒಂದು ದಿನವಾದರೂ ಕಾಣುತ್ತಿತ್ತಲ್ಲ ಎಂದು ಅಕ್ಕ ಕಣ್ಣೊರೆಸಿಕೊಂಡಳು.

ಪರೀಕ್ಷೆ ಮಾಡಿಸಿದ ಮನಶ್ಶಾಸ್ತ್ರದ ಮೇಡಂ ಭಾವನನ್ನು ಕರೆಸಿದರು. ಧೈರ್ಯ ತುಂಬಲು ನಾನೂ ಜೊತೆಗೆ ಹೋದೆ.

“ಕೈದಿಗಳಿಗೆ ಹೊಡೀತೀರಾ?” ಎಂದು ಮೇಡಂ ಕೇಳಿದರು.

“ಇಲ್ಲಮ್ಮ.”

“ಮತ್ತೆ ಹೌದು ಅಂತ ಹಾಕಿದ್ದೀರಲ್ಲ?”

“ಹೊಡೆಯಲ್ಲ ಅಲ್ಲವೇ ಅಂತ ಅಷ್ಟು ಮರ್ಯಾದೆಯಿಂದ ಕೇಳಿದ್ರು. ಹೌದು, ಹೊಡೆಯಲ್ಲ ಅಂದೆ.”

ಅಲ್ಲಿಯವರೆಗೆ ಉತ್ತರಗಳನ್ನಷ್ಟೇ ನೋಡಿದ್ದ ಮೇಡಂ, ಮೊದಲ ಬಾರಿಗೆ ನನ್ನ ಪ್ರಶ್ನೆಗಳನ್ನು ಓದಿದರು. ಇದನ್ನು ಕನ್ನಡಕ್ಕೆ ಮಾಡಿದ ಪುಣ್ಯಾತ್ಮ ಯಾರು ಎಂದರು. ಹೆಸರು ಹೇಳಿದ್ದರೆ ಭಾವನಿಗೆ ಆ ಕ್ಷಣವೇ ಬಿಡುಗಡೆ. ಅವರು ತಮ್ಮ ಚಪ್ಪಲಿ ನೋಡುತ್ತ ಕೂತರು.

“ಯಾರೋ ಪಾಪ, ಬಲ್ಲವರೇ ಇರಬೇಕು,” ಅಂದರು.

ನಾನು ಫ್ಯಾನು ನೋಡಿದೆ, ಕಿಟಕಿ ನೋಡಿದೆ, ಇನ್ನು ನೋಡಲು ಏನೂ ಉಳಿಯದೆ ಎದ್ದು ನಿಂತೆ.

ಅರವತ್ತು ಹೌದೂ ಸರಿಯೆಂದಾಗಿ, ಭಾವ ಈಗ ಗೇಟಿನ ಕುರ್ಚಿಯಲ್ಲಿದ್ದಾರೆ. ಉಳಿದವರಿಗೆಲ್ಲ ಮರುಪರೀಕ್ಷೆ, ಪ್ರಶ್ನೆಗಳನ್ನು ಮೇಡಂ ತಾವೇ ಬರೆದರು. ಈ ಸಲ ಓದಿ ಉತ್ತರಿಸಬೇಕಾಗಿ ಬಂದದ್ದಕ್ಕೆ ಮೂವತ್ತೊಂಬತ್ತು ಮಂದಿಯೂ ನನ್ನನ್ನೇ ಬೈಯುತ್ತಿದ್ದಾರೆ.